ಪ್ರಗತಿ ಕಾಲೋನಿ ಪಾರ್ಕಿನ ಮಾಲಕ

ನಿವೃತ್ತನಾದ ಮನುಷ್ಯನಿಗೆ ಕೆಲಸ ಕೊಡಬಾರದು; ಕೊಟ್ಟರೂ ಬಾಯಿಮಾತಿನಲ್ಲಿ ಕೊಡಬೇಕು, ಕಾಗದದ ಮೇಲೆ ಕೊಡಬಾರದು. ಇಷ್ಟು ಸಣ್ಣ ಮಾತು ತಿಳಿಯದೆ ಪುರಸಭೆಯವರು ಗುರುನಾಥರಿಗೆ ಒಂದು ಕಾಗದ ಕೊಟ್ಟರು. ಸಾಲದೆಂಬಂತೆ ಅದಕ್ಕೆ ಸೀಲನ್ನೂ ಒತ್ತಿದರು. ಯಾವ ಊರಿನ ಪುರಸಭೆ ಎಂದು ಕೇಳಬಾರದು. ಭಾಲ್ಕಿಯಿಂದ ಔರಾದಕ್ಕೆ ಹೋಗುವ ಬಸ್ಸು ಚಹಾಕ್ಕೆಂದು ಹತ್ತು ನಿಮಿಷ ನಿಂತು ಇಪ್ಪತ್ತೈದು ನಿಮಿಷಕ್ಕೆ ಹೊರಡುವ ಊರು ಎಂದರೆ ಬಲ್ಲವರು ಬಲ್ಲರು.

ಗುರುನಾಥರು ಆ ಊರಿನ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವರು. ಅವರು ಮೈಕಿನಲ್ಲಿ ಠಾಣಾ ಕುಶನೂರ, ಚಿಂತಾಕಿ, ಎಕಂಬಾ ಎಂದು ಕೂಗಿದರೆ ಜನ ಗಂಟುಮೂಟೆ ಹೊತ್ತು ಓಡುತ್ತಿದ್ದರು. ನಿವೃತ್ತರಾದ ಮೇಲೆ ಮನೆಯಲ್ಲಿ ಚಹಾ ಎಂದು ಕೂಗಿದರೆ ಯಾರೂ ಏಳುತ್ತಿರಲಿಲ್ಲ. ಹೆಂಡತಿ ಸರಸ್ವತಿಬಾಯಿ ಒಳಗಿನಿಂದಲೇ "ಬರ್ತದ, ಕೂಡ್ರಿ" ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಪ್ರಯಾಣಿಕರಿಗೆ ಗುರುನಾಥರು ಹೇಳುತ್ತ ಬಂದ ಮಾತೂ ಅದೇ. ಅದನ್ನು ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವರಿಗೆ ಈಗ ಗೊತ್ತಾಗತೊಡಗಿತ್ತು.

ಹೀಗಿರುವಾಗ ಯುಗಾದಿಯ ಮರುವಾರ ಆ ಕಾಗದ ಬಂತು. ಪ್ರಗತಿ ಕಾಲೋನಿಯ ಉದ್ಯಾನದ ಉಸ್ತುವಾರಿ ಸಮಿತಿಗೆ ಶ್ರೀ ಗುರುನಾಥರು ಅಧ್ಯಕ್ಷರು. ಸಮಿತಿಯಲ್ಲಿ ಬೇರೆ ಸದಸ್ಯರಿರಲಿಲ್ಲ. ಕಾಲೋನಿಯ ಅರವತ್ತು ಮನೆಗಳಿಗೂ ಪುರಸಭೆ ಕೇಳಿ ಕಳಿಸಿತ್ತು, ಅರವತ್ತರಲ್ಲಿ ಐವತ್ತೊಂಬತ್ತು ಮನೆಯವರಿಗೆ ಪುರಸೊತ್ತಿರಲಿಲ್ಲ. ಗುರುನಾಥರು ಕಾಗದಕ್ಕೆ ಕಟ್ಟು ಹಾಕಿಸಿ, ಬಾಗಿಲು ದಾಟಿ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ ತೂಗುಹಾಕಿದರು.

ಉದ್ಯಾನ ಅವರ ಮನೆಯ ಎದುರಿಗೇ ಇತ್ತು. ಅರ್ಧ ಎಕರೆ ಕೆಂಪು ನೆಲ, ನಡುವೆ ಒಂದು ಜಾರುಬಂಡೆ, ಮೂಲೆಯಲ್ಲಿ ನೀರಿಲ್ಲದ ಒಂದು ನಲ್ಲಿ, ನಾಲ್ಕು ಬೇವಿನ ಗಿಡ. "ಹುಲ್ಲಿನ ಮೇಲೆ ನಡೆಯಬಾರದು" ಎಂಬ ಹಲಗೆಯೂ ಇತ್ತು. ಆ ಸೂಚನೆಯನ್ನು ಇದುವರೆಗೆ ಯಾರೂ ಮುರಿದಿರಲಿಲ್ಲ, ಯಾಕೆಂದರೆ ಹುಲ್ಲಿರಲಿಲ್ಲ. ಕಾಗದದ ಕೊನೆಗೆ ಇನ್ನೊಂದು ಸಾಲಿತ್ತು, ಗುರುನಾಥರು ಅದನ್ನು ಕಟ್ಟು ಹಾಕಿಸಿದ ಮೇಲೆ ಓದಿದರು. ನಾಗರಪಂಚಮಿಯ ಹೊತ್ತಿಗೆ ಬೀದರಿನಿಂದ ಅಧಿಕಾರಿಗಳು ನೋಡಲು ಬರುತ್ತಾರೆ. ಅಷ್ಟರಲ್ಲಿ ಅಲ್ಲಿ ಹಸಿರು ಕಾಣದಿದ್ದರೆ ಆ ಜಾಗವನ್ನು ಊರಿನ ಒಂಬತ್ತು ಕಸದ ಗಾಡಿಗಳನ್ನು ನಿಲ್ಲಿಸಲು ಬಳಸಿಕೊಳ್ಳಲಾಗುವುದು.

ಒಂಬತ್ತು ಕಸದ ಗಾಡಿ ಮನೆಯ ಎದುರಿಗೆ ನಿಂತರೆ ಮೂಗಿಗೆ ಏನಾಗುತ್ತದೆ ಎಂಬುದು ಒಂದು ಚಿಂತೆ. ಅಧ್ಯಕ್ಷಗಿರಿಗೆ ಏನಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಚಿಂತೆ. ಗುರುನಾಥರು ಎರಡು ಸಲ ಹುಲ್ಲಿನ ಬೀಜ ಚೆಲ್ಲಿದರು. ಗುಬ್ಬಿಗಳು ಎರಡು ಸಲವೂ ಊಟಕ್ಕೆ ಬಂದು ಹೋದವು. ಕೊಡದಲ್ಲಿ ನೀರು ಹೊತ್ತು ಹಾಕಿದರೆ ನೆಲ ಅದನ್ನು ಕುಡಿದು ಮೊದಲಿನಂತೆಯೇ ಕೆಂಪಗೆ ನೋಡುತ್ತಿತ್ತು.

ಬೇಸಿಗೆಯಲ್ಲಿ ಅವರು ಠಾಣಾ ಕುಶನೂರಕ್ಕೆ ಒಂದು ಮದುವೆಗೆ ಹೋದರು. ಊಟವಾಗಿ ಎಲೆಯಡಿಕೆ ಹಾಕುತ್ತ ಗಂಡಸರೆಲ್ಲ ಹೊಲದ ಕಡೆ ನಡೆದಾಗ ಅಲ್ಲಿ ಕುರಿಗಾರ ಧೊಂಡಿಬಾನ ಕುರಿ ಕೂತಿದ್ದವು. ಬೆಳೆ ತೆಗೆದ ಹೊಲದಲ್ಲಿ ಕುರಿ ಕೂಡ್ರಿಸಿ ಹಿಕ್ಕೆಯ ಗೊಬ್ಬರ ಪಡೆಯುವುದು ಆ ಕಡೆಯ ರೈತರೆಲ್ಲ ಮಾಡುವುದೇ. ಹೋದ ವರ್ಷ ಕುರಿ ಕೂತ ಜಾಗದಲ್ಲಿ ಜೋಳ ಆಳೆತ್ತರ ಬಂದಿತ್ತೆಂದು ಹೊಲದವರು ಹೇಳಿದರು. ಗುರುನಾಥರು ಧೊಂಡಿಬಾನನ್ನು ಪಕ್ಕಕ್ಕೆ ಕರೆದು, ನಮ್ಮ ಕಡೆಗೂ ಬರುತ್ತೀಯಾ ಎಂದು ಕೇಳಿದರು. ಧೊಂಡಿಬಾ ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ.

"ಹೊಲ ಯಾರದರಿ?" ಎಂದ.

ಸರಿಯಾದ ಉತ್ತರ ಉದ್ದವಾಗಿತ್ತು. ಅದು ಹೊಲವಲ್ಲ, ಉದ್ಯಾನ, ಪುರಸಭೆಯದು, ತಾವು ಅದರ ಉಸ್ತುವಾರಿ ಸಮಿತಿಯ ಅಧ್ಯಕ್ಷರು, ಸಮಿತಿಯಲ್ಲಿ ಬೇರೆ ಸದಸ್ಯರಿಲ್ಲ. ಸುತ್ತ ಬೀಗರು, ಬೀಗರ ಬೀಗರು ನಿಂತಿದ್ದರು, ಎಲ್ಲರೂ ಐದು ಎಕರೆ, ಹತ್ತು ಎಕರೆಯವರು. ಗುರುನಾಥರ ಹತ್ತಿರ ನಿವೃತ್ತಿ ವೇತನವಿತ್ತೇ ಹೊರತು ಒಂದು ಗುಂಟೆ ನೆಲವಿರಲಿಲ್ಲ.

"ನಂದ ಅದ," ಎಂದರು.

ಎಷ್ಟು ಎಕರೆ ಎಂದು ಧೊಂಡಿಬಾ ಕೇಳಿದ. ಅರ್ಧ ಎಂದಾಗ ಅವನ ಮುಖದಲ್ಲಿ ಕನಿಕರ ಮೂಡಿತು. ಬಡವರ ಹೊಲಕ್ಕೆ ಮೊದಲು ಬರುತ್ತೇವೆ ಎಂದ. ಆಮೇಲೆ ತನ್ನ ಮನೆತನದ ಎರಡು ಕಟ್ಟಳೆ ಹೇಳಿದ. ಮಾಲಕ ಕರೆಯದ ನೆಲದಲ್ಲಿ ಅವನ ಕುರಿ ಕೂಡುವುದಿಲ್ಲ. ಐದು ದಿನ ಕೂತು ಏಳುವಾಗ ಮಾಲಕರ ಮನೆಯ ಹೆಣ್ಣುಮಗಳು ಅವನ ಹೆಂಡತಿ ಸಖುಬಾಯಿಗೆ ಜೋಳ, ಕಾಯಿ, ಕುಂಕುಮ ಇಟ್ಟು ಉಡಿ ತುಂಬಬೇಕು. ಉಡಿ ತುಂಬದೆ ಹಿಂಡು ಏಳುವುದಿಲ್ಲ, ಅವನ ಅಜ್ಜನ ಕಾಲದಿಂದಲೂ ಎದ್ದಿಲ್ಲ. ಗುರುನಾಥರು ಇದನ್ನೆಲ್ಲ ಕೇಳಿಸಿಕೊಂಡು ತಲೆ ಆಡಿಸಿದರು. ಮದುವೆಯ ಊಟ ಮಾಡಿದವರು ಯಾವುದಕ್ಕಾದರೂ ತಲೆ ಆಡಿಸುತ್ತಾರೆ.

ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಪ್ರಗತಿ ಕಾಲೋನಿಯ ಡಾಂಬರು ರಸ್ತೆಯಲ್ಲಿ ನೂರೈವತ್ತು ಕುರಿ, ಎರಡು ನಾಯಿ, ಡೇರೆ ಹೊತ್ತ ಒಂದು ಕುದುರೆ, ಕುದುರೆಯ ಮೇಲೆ ಬುಟ್ಟಿಯಲ್ಲಿ ಕೋಳಿ ಬಂದವು. ಜನ ಬಾಗಿಲಿಗೆ ಬಂದು ನೋಡಿದರು. ಹಿಂಡು ಹಾದು ಹೋಗುತ್ತದೆ ಎಂದುಕೊಂಡಿದ್ದರು. ಹಿಂಡು ಹಾದು ಹೋಗಲಿಲ್ಲ. ಉದ್ಯಾನದ ಗೇಟಿನ ಒಳಗೆ ಸಾಲಾಗಿ ನುಗ್ಗಿತು. ಸಖುಬಾಯಿ ಜಾರುಬಂಡೆಯ ಕೆಳಗೆ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದಳು. ಜಾರುಬಂಡೆಗೆ ಮರಿಗಳನ್ನು ಕಟ್ಟಿದರು. ನಾಲ್ಕು ಕುರಿಗಳು ಪಕ್ಕದ ಗೋಡೆಗೆ ಕಾಲು ಕೊಟ್ಟು ಶರಫೋದ್ದೀನ ಮಾಸ್ತರರ ದಾಸವಾಳದ ರುಚಿ ನೋಡಿದವು.

ಮಾಸ್ತರರು ಉರ್ದು ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಉದ್ಯಾನಕ್ಕೆ ಅಂಟಿದ ಮನೆಯವರು. ಗೇಟಿಗೆ ಬಂದು, ಯಾರ ಅಪ್ಪಣೆ ಮೇಲೆ ಇಲ್ಲಿ ಇಳಿದಿರಿ ಎಂದು ಕೇಳಿದರು. ಸಖುಬಾಯಿ ಹಿಟ್ಟು ನಾದುತ್ತಲೇ, ಈ ಹೊಲದ ಮಾಲಕರು ಗುರುನಾಥ ಸಾವುಕಾರರು, ಅವರೇ ಕರೆಸಿದ್ದಾರೆ ಎಂದಳು. ಮಾಸ್ತರರು ಮನೆಗೆ ಹೋಗಿ ಕುಳಿತು ಕೂಡಿಸಿ ನೋಡಿದರು. ಪುರಸಭೆಯ ಸೀಲಿರುವ ಕಾಗದ ಗುರುನಾಥರ ಗೋಡೆಯ ಮೇಲಿದೆ. ಅವರು ಎರಡು ತಿಂಗಳಿಂದ ಆ ನೆಲಕ್ಕೆ ನೀರು ಹೊರುತ್ತಿದ್ದಾರೆ. ತನ್ನದಲ್ಲದ ನೆಲಕ್ಕೆ ಯಾರೂ ನೀರು ಹೊರುವುದಿಲ್ಲ. ಉತ್ತರ ಒಂದೇ ಬರುತ್ತಿತ್ತು. ಕತ್ತಲಾಗುವ ಮುಂಚೆ ಪಾರ್ಕನ್ನು ಗುರುನಾಥ ಖರೀದಿ ಮಾಡಿದ್ದಾರೆ ಎಂಬ ಸುದ್ದಿ ಅರವತ್ತು ಮನೆಗೂ ಮುಟ್ಟಿತು.

ಆ ಸಂಜೆ ಕಾಲೋನಿಗೆ ಸಿಟ್ಟು ಬಂತು. ಬೆಳಗಾಗುವಷ್ಟರಲ್ಲಿ ಸಿಟ್ಟು ಹೋಗಿ ಮರ್ಯಾದೆ ಬಂತು. ಅರ್ಧ ಎಕರೆ ಕೊಂಡವನ ಜೊತೆ ಜಗಳ ಆಡುವುದಕ್ಕಿಂತ ಹೊಂದಿಕೊಂಡು ಹೋಗುವುದು ಮೇಲು ಎಂದು ಎಲ್ಲರಿಗೂ ಬೇರೆಬೇರೆಯಾಗಿ ಹೊಳೆದಿತ್ತು. ಮಾಸ್ತರರು ಒಂದು ತಟ್ಟೆ ಶಿರಾ ಹಿಡಿದು ಬಂದರು. ದಾಸವಾಳದ ಮಾತು ಎತ್ತಲಿಲ್ಲ. ಗೋಡೆ ಕಟ್ಟುವಾಗ ನಮ್ಮ ಕಿಟಕಿಗೆ ಮೂರು ಫೂಟು ಬಿಡಿ ಎಂದಷ್ಟೇ ಕೇಳಿಕೊಂಡರು. ಹಿಟ್ಟಿನ ಗಿರಣಿಯವರು ಮೂಲೆಯಲ್ಲಿ ಒಂದು ಅಂಗಡಿ ಜಾಗದ ಮಾತಾಡಿ ಹೋದರು. ಹಿಂದಿನ ಸಾಲಿನವರು ತಮ್ಮ ಕಾರು ನಿಲ್ಲಿಸಲು ಒಂದಿಷ್ಟು ನೆರಳು ಬೇಡಿದರು.

ಗುರುನಾಥರು ಇದು ನನ್ನದಲ್ಲ ಎಂದು ಹೇಳಿ ನೋಡಿದರು. ದೊಡ್ಡವರು ತಮ್ಮದನ್ನು ತಮ್ಮದು ಎನ್ನುವುದಿಲ್ಲ ಎಂದು ಜನ ಅದನ್ನೂ ಮೆಚ್ಚಿದರು. ನಿಜ ಹೇಳಬೇಕೆಂದರೆ ಅವರು ಬಹಳ ಗಟ್ಟಿಯಾಗಿಯೂ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದರೆ ಧೊಂಡಿಬಾನ ಕಿವಿಗೆ ಬೀಳುತ್ತದೆ. ಅವನು ಸುಳ್ಳು ಮಾಲಕನ ನೆಲದಿಂದ ಆ ಕ್ಷಣವೇ ಹಿಂಡು ಎಬ್ಬಿಸಬಹುದು. ಒಂದು ದಿನದ ಹಿಕ್ಕೆಗೆ ಹುಲ್ಲು ಬರುವುದಿಲ್ಲ, ಹುಲ್ಲು ಬಾರದಿದ್ದರೆ ಕಸದ ಗಾಡಿ ಬರುತ್ತದೆ. ಇದು ಅವರು ತಮಗೆ ತಾವೇ ಹೇಳಿಕೊಂಡ ಕಾರಣ. ರಸ್ತೆಯಲ್ಲಿ ಹೋಗುವಾಗ ಜನ "ಸಾವುಕಾರ್ರ" ಎಂದು ಕೈ ಎತ್ತುತ್ತಿದ್ದರಲ್ಲ, ಅದು ಹಿತವಾಗಿತ್ತು ಎಂಬುದು ಹೇಳಿಕೊಳ್ಳದ ಕಾರಣ. ಸರಸ್ವತಿಬಾಯಿಯೂ ಆ ಎರಡು ದಿನ ಕೂಗುವ ಮುಂಚೆಯೇ ಚಹಾ ತಂದಿಟ್ಟರು.

ಬುಧವಾರ ಭಾಲ್ಕಿಯ ಮೊದಲ ಬಸ್ಸಿಗೆ ಸರಸ್ವತಿಬಾಯಿಯ ತಮ್ಮ ಅಶೋಕಕುಮಾರ ಬಂದಿಳಿದ. ಕೋರ್ಟಿನ ಎದುರಿಗೆ ಅರ್ಜಿ, ಕರಾರು ಪತ್ರ ಬರೆದುಕೊಡುವುದು ಅವನ ಕಸುಬು, ಛಾಪಾ ಕಾಗದವಿಲ್ಲದೆ ಅವನು ಊರು ಬಿಡುತ್ತಿರಲಿಲ್ಲ. ಚಪ್ಪಲಿ ಬಿಡುವ ಮುಂಚೆಯೇ, ಜಾಗವನ್ನು ಅಕ್ಕನ ಹೆಸರಿಗೆ ಮಾಡಿಸಿ ಎಂದು ಶುರು ಮಾಡಿದ. ಗುರುನಾಥರು ಬಾಗಿಲು ಹಾಕಿ ಪಿಸುಮಾತಿನಲ್ಲಿ ಇದ್ದದ್ದು ಇದ್ದಂತೆ ಹೇಳಿದರು. ಅಶೋಕಕುಮಾರನಿಗೆ ಬಹಳ ಬೇಸರವಾಯಿತು. "ಮನಿ ಮಂದಿ ಮುಂದೂ ಮುಚ್ಚಿಡ್ತೀರಲ್ಲ ಮಾಮಾ," ಎಂದು ಕಣ್ಣು ಒರೆಸಿಕೊಂಡ.

ಪುರಸಭೆಗೆ ಸುದ್ದಿ ಮುಟ್ಟಿಸಿದವನು ಕರ ವಸೂಲಿಯ ದತ್ತಾತ್ರಿ. ತೆರಿಗೆ ಕಟ್ಟದ ಒಂದು ಆಸ್ತಿ ತನ್ನ ಮೂಗಿನ ಕೆಳಗೇ ಹುಟ್ಟಿದ್ದು ಅವನಿಗೆ ತಡೆಯಲಾಗಲಿಲ್ಲ. ಗುರುವಾರ ಟೇಪು ಹಿಡಿದು ಪಾರ್ಕಿನ ಉದ್ದ ಅಳೆದ. ಅಗಲ ಅಳೆಯಲು ಧೊಂಡಿಬಾನ ನಾಯಿಗಳು ಬಿಡಲಿಲ್ಲ. ಉದ್ದವನ್ನಷ್ಟೇ ಬರೆದುಕೊಂಡು ಹೋಗಿ ಮುಖ್ಯಾಧಿಕಾರಿ ನಾಹೀದ ಮೇಡಂ ಮುಂದೆ ಇಟ್ಟ. ಸಂಜೆ ಗುರುನಾಥರ ಮನೆಗೆ ನೋಟೀಸು ಬಂತು. ಶುಕ್ರವಾರ ಹತ್ತು ಗಂಟೆಗೆ ಸ್ಥಳದಲ್ಲೇ ವಿಚಾರಣೆ, ದಾಖಲೆಗಳೊಂದಿಗೆ ಹಾಜರಿರತಕ್ಕದ್ದು.

ಶುಕ್ರವಾರ ಕುರಿ ಏಳುವ ದಿನವೂ ಹೌದು. ಕಾಲೋನಿಗೆ ಕಾಲೋನಿಯೇ ಬೇವಿನ ಗಿಡಗಳ ಕೆಳಗೆ ಸೇರಿತ್ತು. ಪಾರ್ಕು ಕಟ್ಟಿದ ದಿನದಿಂದ ಅಷ್ಟು ಜನ ಅಲ್ಲಿಗೆ ಬಂದದ್ದು ಅದೇ ಮೊದಲು. ನಾಹೀದ ಮೇಡಂ ಕುರ್ಚಿ ಬೇಡವೆಂದು ನಿಂತೇ ಕೇಳಿದರು. ಅವರು ದನಿ ಏರಿಸುವವರಲ್ಲ, ಅದಕ್ಕೇ ಜನ ಹೆದರುತ್ತಿದ್ದರು.

"ಗುರುನಾಥ ಅವ್ರ, ಈ ಜಗಾ ನಿಮ್ಮದಾ? ಹೌದು ಇಲ್ಲಾ, ಎರಡರಾಗ ಒಂದು ಹೇಳ್ರಿ."

ಹೌದು ಎಂದರೆ ಸರ್ಕಾರಿ ನೆಲ ನುಂಗಿದ ಮೊಕದ್ದಮೆ. ಇಲ್ಲ ಎಂದರೆ ಸಾವುಕಾರಿಕೆ ಅಲ್ಲಿಗೇ ಮುಗಿಯಿತು, ಅದೂ ಧೊಂಡಿಬಾನ ಎದುರಿಗೆ. ಗುರುನಾಥರು ಇಲ್ಲ ಎಂದರು. ಬರೆದುಕೊಡಿ ಎಂದರು ಮೇಡಂ. ಬರೆಯಲು ಅಶೋಕಕುಮಾರ ಸಿದ್ಧನಿದ್ದ. ತಂದ ಛಾಪಾ ಕಾಗದ ವ್ಯರ್ಥವಾಗಬಾರದೆಂದು ಅದರ ಮೇಲೆಯೇ ಬರೆದ: ಈ ಉದ್ಯಾನ ನನ್ನದಲ್ಲ. ಕಾನೂನಿನಲ್ಲಿ ಒಂದು ಸಾಲು ಸಾಲದೆಂದು ಇನ್ನೊಂದು ಸೇರಿಸಿದ: ನನಗೂ ಇದಕ್ಕೂ ಹಿಂದೆ, ಇಂದು, ಮುಂದೆ ಯಾವ ಸಂಬಂಧವೂ ಇಲ್ಲ. ಗುರುನಾಥರು ಓದದೆ ಸಹಿ ಹಾಕಿದರು. ತಲೆ ಎತ್ತಿ ನೋಡಿದರೆ ಮಾಸ್ತರರ ಮುಖದಲ್ಲಿ ಶಿರಾ ಕೊಟ್ಟದ್ದಕ್ಕೆ ಪಶ್ಚಾತ್ತಾಪ ಕಾಣುತ್ತಿತ್ತು. ನಾಚಿಕೆಯಿಂದ ಗುರುನಾಥರು ಕುರಿಗಳ ಕಡೆ ತಿರುಗಿದರು.

ಧೊಂಡಿಬಾ ಸಿಟ್ಟಾಗಲಿಲ್ಲ. ಡೇರೆಯ ಗೂಟ ಕೀಳುತ್ತಿದ್ದವನು ನಿಲ್ಲಿಸಿ, ಕೈ ಒರೆಸಿಕೊಂಡು ಮುಂದೆ ಬಂದ.

"ಇವ್ರ ಮಾಲಕ ಅಲ್ಲ ಅಂದ್ರ ಖರೇ ಮಾಲಕರು ಯಾರದಾರ ಹೇಳ್ರಿ. ಅವ್ರ ಮನಿ ಹೆಣ್ಮಗಳು ಉಡಿ ತುಂಬಲಿ, ಏಳ್ತೇವಿ. ನಮಗೇನ ಅವಸರ ಇಲ್ರಿ."

ಸಖುಬಾಯಿ ಇದನ್ನು ಕೇಳಿ, ಕಟ್ಟಿಟ್ಟಿದ್ದ ಗಂಟು ಬಿಚ್ಚಿ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು.

ಮೂರು ಫೂಟು ಕೇಳಿದವರು ಇದು ಪುರಸಭೆಯದು ಎಂದರು. ಅಂಗಡಿ ಜಾಗ ಕೇಳಿದವರು ನಮಗೂ ಇದಕ್ಕೂ ಏನು ಸಂಬಂಧ ಎಂದು ಒಂದು ಹೆಜ್ಜೆ ಹಿಂದೆ ಸರಿದರು. ನೆರಳು ಕೇಳಿದವರು ಬಿಸಿಲಿಗೆ ಹೋಗಿ ನಿಂತರು. ಪುರಸಭೆಯದಾದರೆ ಪುರಸಭೆಯೇ ಉಡಿ ತುಂಬಲಿ ಎಂದು ಎಲ್ಲರೂ ಕೂಡಿ ದತ್ತಾತ್ರಿಯ ಕಡೆ ತಿರುಗಿದರು. ದತ್ತಾತ್ರಿ ಸ್ವಲ್ಪ ಯೋಚಿಸಿ, ಪುರಸಭೆಗೆ ಹೆಂಡತಿ ಇಲ್ಲ ಎಂದ. ಮುಖ್ಯಾಧಿಕಾರಿಗಳೇ ಹೆಣ್ಣುಮಗಳಲ್ಲವೇ ಎಂದು ಹಿಂದಿನಿಂದ ಯಾರೋ ಅಂದರು. ನಾಹೀದ ಮೇಡಂ ಅದನ್ನೂ ತೂಗಿ ನೋಡಿ, ತಮಗೆ ಅಡ್ಡಿಯಿಲ್ಲ, ಆದರೆ ಸಾಮಾನ್ಯ ಸಭೆ ಕೂಡಿ ಠರಾವು ಆಗಬೇಕು, ಸಭೆ ಮುಂದಿನ ತಿಂಗಳು ಇಪ್ಪತ್ತಕ್ಕೆ ಎಂದರು.

ಧೊಂಡಿಬಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ.

"ಯಾರದೂ ಅಲ್ಲ ಅಂದ್ರ ಗಾಯರಾಣ ಆತು, ಊರ ದನಾ ಮೇಯೋ ನೆಲ. ಗಾಯರಾಣ ಅಂದ್ರ ಕುರೀದು. ಭಾಳ ಚಲೋ ಆತ್ರಿ," ಎಂದ. ಎಕಂಬಾದಲ್ಲಿ ತನ್ನ ತಮ್ಮನಿಗೆ ಮುನ್ನೂರು ಕುರಿ ಇವೆ, ಅವನಿಗೂ ಜಾಗ ಬೇಕಾಗಿತ್ತು ಎನ್ನುತ್ತ ಅಂಗಿಯ ಜೇಬಿನಿಂದ ಮೊಬೈಲು ತೆಗೆದ.

ಆಗ ಎದುರು ಮನೆಯ ಬಾಗಿಲಿಂದ ಸರಸ್ವತಿಬಾಯಿ ಇಳಿದು ಬಂದರು. ಕೈಯಲ್ಲಿ ಮೊರ, ಮೊರದಲ್ಲಿ ಜೋಳ, ಕಾಯಿ, ಕುಂಕುಮದ ಭರಣಿ. ಗುರುನಾಥರು ಅಡ್ಡ ಬಂದು, ಇದು ನಮ್ಮದಲ್ಲ ಎಂದು ಈಗಷ್ಟೇ ಬರೆದುಕೊಟ್ಟಿದ್ದೇನೆ, ಮತ್ತೆ ಮೊಕದ್ದಮೆ ಆಗುತ್ತದೆ ಎಂದು ಪಿಸುಗುಟ್ಟಿದರು.

"ನಿಮ್ಮದಲ್ಲ ಅಂತ ನೀವು ಬರದ್ರಿ. ನಂದಲ್ಲ ಅಂತ ನಾ ಎಲ್ಲಿ ಬರದೇನಿ? ಹತ್ತೊಂಬತ್ತು ವರ್ಷ ಇಲ್ಲೇ ಹಪ್ಪಳಾ ಒಣಗಿಸೇನಿ, ಇಲ್ಲೇ ಮಕ್ಕಳನ್ನ ಆಡಿಸೇನಿ. ಸರೀರಿ ಆ ಕಡಿ."

ಸಖುಬಾಯಿ ಸೆರಗು ಒಡ್ಡಿದಳು. ಸರಸ್ವತಿಬಾಯಿ ಉಡಿ ತುಂಬಿದರು. ಅದನ್ನು ನೋಡಿ ಮಾಸ್ತರರ ಹೆಂಡತಿ ಅಜೀಜಾ ಬೇಗಂ ಮನೆಗೆ ಹೋಗಿ ಒಂದು ಸೇರು ಜೋಳ ತಂದರು. ಮೊಣಕಾಲು ನೋವಿಗೆ ಡಾಕ್ಟರು ನಡೆಯಲು ಹೇಳಿದಾಗಿನಿಂದ ದಿನಾ ಬೆಳಿಗ್ಗೆ ಈ ಕೆಂಪು ನೆಲವನ್ನೇ ಸುತ್ತುತ್ತಿದ್ದೇನೆ, ನನ್ನದಲ್ಲದೆ ಮತ್ತೆ ಯಾರದು ಎಂದರು. ಇಬ್ಬರು ತುಂಬಿದ ಮೇಲೆ ಮೂರನೆಯವರಿಗೆ ಸುಮ್ಮನಿರುವುದು ಕಷ್ಟ. ಗಿರಣಿಯವರ ಸೊಸೆ ಬಂದಳು, ಹಿಂದಿನ ಸಾಲಿನವರು ಬಂದರು. ತಾನು ತುಂಬದೆ ಉಳಿದರೆ ನಾಳೆ ಪಾಲು ತಪ್ಪೀತು ಎಂಬ ಅನುಮಾನ ಹುಟ್ಟಿದ ಮೇಲಂತೂ ನೂಕುನುಗ್ಗಲಾಯಿತು. ಸಖುಬಾಯಿಯ ಉಡಿ ತುಂಬಿ, ಧೊಂಡಿಬಾನ ಕಂಬಳಿ ತುಂಬಿ, ಕೊನೆಗೆ ಕುದುರೆಯ ಮೇಲಿನ ಕೋಳಿ ಬುಟ್ಟಿಯನ್ನು ಖಾಲಿ ಮಾಡಬೇಕಾಯಿತು. ಕೋಳಿಗಳು ಔರಾದದವರೆಗೆ ನಡೆದೇ ಹೋದವು ಎಂದು ಕಂಡವರು ಹೇಳುತ್ತಾರೆ.

ನಾಹೀದ ಮೇಡಂ ಗಿಡದ ಕೆಳಗೆ ನಿಂತು ಉಡಿ ತುಂಬಿದ ಒಬ್ಬೊಬ್ಬರ ಹೆಸರನ್ನೂ ದತ್ತಾತ್ರಿಯಿಂದ ಬರೆಸುತ್ತಿದ್ದರು. ಹಿಂಡು ಎದ್ದು ಧೂಳು ಇಳಿದ ಮೇಲೆ ಪಟ್ಟಿ ಓದಿಸಿದರು. ನಲವತ್ತೆರಡು ಹೆಸರು. ನಾಳೆಯೇ ಪುರಸಭೆ ನಲ್ಲಿಗೆ ನೀರು ಬಿಡುತ್ತದೆ, ನಲವತ್ತೆರಡು ಮಂದಿ ಮಾಲಕರು ಪಾಳಿಯ ಮೇಲೆ ನೀರು ಹಾಯಿಸಬೇಕು, ತಪ್ಪಿದವರ ಹೆಸರು ಗೇಟಿಗೆ ಹಚ್ಚಲಾಗುವುದು ಎಂದರು. ನೆಲ ನನ್ನದು ಎಂದು ನೂರು ಜನರ ಮುಂದೆ ಹೇಳಿ ಅರ್ಧ ತಾಸೂ ಆಗಿರಲಿಲ್ಲ. ಎಲ್ಲರೂ ಒಪ್ಪಿ ಪಾಳಿಯ ದಿನ ಬರೆಸಿದರು. ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಬಂದಾಗ, ಮೊದಲು ಉಡಿ ತುಂಬಿದವರೇ ಆಗಲಿ ಎಂದು ಅಜೀಜಾ ಬೇಗಂ ಅಂದರು. ಹಾಗೆ ಸರಸ್ವತಿಬಾಯಿ ಅಧ್ಯಕ್ಷರಾದರು.

ಗುರುನಾಥರು ಎರಡು ದಿನ ಉಣ್ಣದೆ ಕುಳಿತರು. ಮೂರನೆಯ ದಿನ ಪುರಸಭೆಗೆ ಹೋಗಿ, ಅಧ್ಯಕ್ಷಗಿರಿ ಹೋದರೆ ಹೋಗಲಿ, ನಲವತ್ತಮೂರನೆಯವನಾಗಿಯಾದರೂ ಸೇರಿಸಿಕೊಳ್ಳಿ ಎಂದು ಕೇಳಿಕೊಂಡರು. ದತ್ತಾತ್ರಿ ಫೈಲು ತೆಗೆದು ಛಾಪಾ ಕಾಗದದ ಎರಡನೆಯ ಸಾಲನ್ನು ಗಟ್ಟಿಯಾಗಿ ಓದಿದ. ಹಿಂದಿನದು, ಇಂದಿನದು ಇರಲಿ, ಮುಂದಿನದೂ ಇದೆಯಲ್ಲ, ಇದಕ್ಕೆ ಏನು ಮಾಡೋಣ ಎಂದು ಅವನಿಗೇ ಮರುಕ ಹುಟ್ಟಿತು. ಅಶೋಕಕುಮಾರನಿಗೆ ಫೋನು ಮಾಡಿದರೆ, ಕರಾರು ಬಹಳ ಪಕ್ಕಾ ಆಗಿದೆ, ಯಾವ ಕೋರ್ಟಿನಲ್ಲೂ ಬೀಳುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಮುಂಗಾರಿನ ಮಿರಗದ ಮಳೆ ಬಿದ್ದು ಹದಿನೈದು ದಿನಕ್ಕೆ ಹುಲ್ಲು ಎದ್ದಿತು. ಹುಲ್ಲಿನ ಜೊತೆ ಕುರಿಗಳು ಹೊಟ್ಟೆಯಲ್ಲಿ ತಂದಿದ್ದ ಏನೇನೋ ಗಿಡಗಳೂ ಎದ್ದವು. ನಾಗರಪಂಚಮಿಯ ಮರುದಿನ ಬೀದರಿನಿಂದ ಇಬ್ಬರು ಅಧಿಕಾರಿಗಳು ಬಂದು ನೋಡಿ, ಕಸದ ಗಾಡಿಗೆ ಬೇರೆ ಜಾಗ ಹುಡುಕಿ ಎಂದು ಬರೆದರು. ಆ ವಾರ ಮಳೆ ಕೈಕೊಟ್ಟಿತ್ತು. ಲುಂಗಿ ಎತ್ತಿ ಕಟ್ಟಿದ ಒಬ್ಬ ಹಿರಿಯರು ಒಬ್ಬರೇ ಪೈಪು ಹಿಡಿದು ನೀರು ಹಾಯಿಸುತ್ತಿದ್ದರು. ಅಂದು ಅಧ್ಯಕ್ಷರ ಪಾಳಿ, ಅಧ್ಯಕ್ಷರು ಗಂಡನನ್ನು ಕಳಿಸಿದ್ದರು. ಹಿಂದಿನ ದಿನ ಅಜೀಜಾ ಬೇಗಂ ಪಾಳಿ, ಮೊಣಕಾಲು ನೋವೆಂದು ಇದೇ ಹಿರಿಯರಿಂದ ನೀರು ಹಾಕಿಸಿದ್ದರು. ನಾಳೆ ಗಿರಣಿಯವರದು, ಅವರೂ ಆಗಲೇ ಹೇಳಿ ಹೋಗಿದ್ದರು.

ಅಧಿಕಾರಿಗಳಲ್ಲಿ ಹಿರಿಯರು ಹತ್ತಿರ ಬಂದು, ಇಷ್ಟು ಚೆನ್ನಾಗಿ ಇಟ್ಟಿದ್ದೀರಿ, ಈ ಪಾರ್ಕು ಯಾರ ಸುಪರ್ದಿಯಲ್ಲಿದೆ ಎಂದು ಕೇಳಿದರು.

ಗುರುನಾಥರು ಪೈಪನ್ನು ಒಣಗಿದ ಮೂಲೆಯ ಕಡೆ ತಿರುಗಿಸಿ, ಈ ಸಲ ಸರಿಯಾದ ಉತ್ತರವನ್ನೇ ಕೊಟ್ಟರು.

"ಎಲ್ಲಾರದೂ ಅದರಿ. ನಂದೊಬ್ಬಂದ ಬಿಟ್ಟು."